ವಾಚನಾಲಯದ ಭಾನುವಾರದ ಸಿನಿಮಾ, ಈ ಸಲದ ರಾನೆವ್ಸ್ಕಾಯಾ ಸರಣಿ ಹೇಗಿತ್ತು ಅಂತ

ಮೊದಲೇ ಹೇಳಿ ಬಿಡ್ತೇನೆ, ಹೋಗಿ ನೋಡಿ. ಕೇರಳದ ಕಾಸರಗೋಡು ಕಡೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಕುಂಬಳೆ ಈ ಸುತ್ತಿನಲ್ಲಿ ಇರುವವರು ಭಾನುವಾರ ಸಂಜೆ ಎಂತ ಮಾಡುದು ಅಂತ ಫೋನ್ ನೋಡ್ತಾ ಕೂತಿದ್ರೆ ಎದ್ದು ಹೋಗಿ. ನಮ್ಮ ಕಡೆಯ ಒಂದು ವಾಚನಾಲಯದವರು ಮಳೆಗಾಲದಲ್ಲಿ ಮೇಲಿನ ಹಾಲ್‌ನಲ್ಲಿ ಪ್ರೊಜೆಕ್ಟರ್ ಇಟ್ಟು ಸಿನಿಮಾ ತೋರಿಸ್ತಾರೆ, ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ಡಬ್ಬಿ ಉಂಟು, ಮನಸ್ಸಿದ್ದಷ್ಟು ಹಾಕಬಹುದು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ರಾತ್ರಿ ಆಟ ಇಲ್ಲ, ಅಲ್ಲಿ ಇಲ್ಲಿ ತಾಳಮದ್ದಳೆ ಬಿಟ್ರೆ ಬೇರೆ ಎಂತದೂ ಇಲ್ಲ, ಆ ಖಾಲಿ ತಿಂಗಳುಗಳಿಗೆ ಇದು ಒಳ್ಳೆ ಕೆಲಸ.

ಈ ಸಲ ಅವರು ಆರಿಸಿದ್ದು ಒಬ್ಬರೇ ನಟಿ. ಫೈನಾ ರಾನೆವ್ಸ್ಕಾಯಾ. ಸೋವಿಯತ್ ಕಾಲದ ರಂಗಭೂಮಿ, ಸಿನಿಮಾ ಎರಡರಲ್ಲೂ ದೊಡ್ಡ ಹೆಸರು. ನಮ್ಮಲ್ಲಿ ಹಳಬರಿಗೆ ಸೋವಿಯತ್ ಅಂದ್ರೆ ನೆನಪಾಗುದು ಆ ನುಣುಪು ಕಾಗದದ ಮ್ಯಾಗಜೀನು, ಕಡಿಮೆ ರೇಟಿಗೆ ಸಿಗುತ್ತಿದ್ದ ಕನ್ನಡ ಅನುವಾದದ ಪುಸ್ತಕಗಳು, ಸಿನಿಮಾ ಅಂದ್ರೆ ಯುದ್ಧದ ಸಿನಿಮಾ. ಈ ಹೆಂಗಸಿನ ಹೆಸರು ಹಾಲ್‌ನಲ್ಲಿ ಕೂತವರಲ್ಲಿ ಹೆಚ್ಚಿನವರು ಕೇಳಿಯೇ ಇರ್ಲಿಲ್ಲ. ಸರಣಿ ಮುಗಿಯುವಾಗ ಅವರ ಬಗ್ಗೆ ಬಸ್‌ಸ್ಟಾಪಿನಲ್ಲಿ ನಿಂತು ಮಾತಾಡ್ತಿದ್ರು ಜನ. ಅದಕ್ಕೇ ಇಷ್ಟು ಉದ್ದ ಬರೀಲಿಕ್ಕೆ ಕೂತದ್ದು.

ಪ್ರತಿ ಸಿನಿಮಾದ ಮೊದಲು ಸಣ್ಣ ಪರಿಚಯ ಇರ್ತದೆ. ಒಬ್ಬ ಮೇಷ್ಟ್ರು ಮಾತಾಡುದು, ಸ್ವಲ್ಪ ಮಲಯಾಳ ಸ್ವಲ್ಪ ಕನ್ನಡ, ತಯಾರಿ ಮಾಡಿಕೊಂಡು ಬಂದಿರ್ತಾರೆ, ಓದಿ ಹೇಳುದಿಲ್ಲ, ಕಥೆ ಹೇಳಿದ ಹಾಗೆ ಹೇಳ್ತಾರೆ. ಅವರ ಮಾತು ಕೇಳ್ಲಿಕ್ಕೆ ಅಂತಲೇ ಬೇಗ ಹೋಗ್ಬೇಕು ನನ್ನ ಪ್ರಕಾರ. ರಾನೆವ್ಸ್ಕಾಯಾ ಹುಟ್ಟಿದ್ದು 1896ರಲ್ಲಿ, ತಗನ್‌ರೋಗ್ ಅನ್ನುವ ಸಮುದ್ರ ಬದಿಯ ಊರಲ್ಲಿ, ನಾಟಕಕಾರ ಚೆಕಾಫ್ ಹುಟ್ಟಿದ ಊರೇ ಅದು. ಮನೆ ಹೆಸರು ಫೆಲ್ದ್‌ಮಾನ್, ಯಹೂದಿ ಕುಟುಂಬ, ಅಪ್ಪ ಬಣ್ಣದ ಫ್ಯಾಕ್ಟರಿ ಇದ್ದ ಭಾರೀ ಶ್ರೀಮಂತ. ಹುಡುಗಿಗೆ ಉಗ್ಗು, ಶಾಲೆಯೂ ಸರಿಯಾಗಿ ಮುಗೀಲಿಲ್ಲ, ಆದ್ರೂ ನಾಟಕವೇ ಬೇಕು ಅಂತ ಹಟ. ಮನೆಯವರಿಗೆ ಸುತರಾಂ ಇಷ್ಟ ಇಲ್ಲ. 1915ರಲ್ಲಿ ಮಾಸ್ಕೋಗೆ ಹೋದ್ರೆ ಅಲ್ಲಿಯ ನಾಟಕ ಶಾಲೆಗಳು ಒಂದಾದ ಮೇಲೆ ಒಂದು ಆಗುದಿಲ್ಲ ಅಂತ ವಾಪಸ್ ಕಳಿಸಿದವು. ಕೊನೆಗೆ ಗೆಲ್ಟ್‌ಸೆರ್ ಅನ್ನುವ ದೊಡ್ಡ ಬ್ಯಾಲೆ ನರ್ತಕಿ ಕೈ ಹಿಡಿದು ಮಾಸ್ಕೋ ಹೊರಗಿನ ಮಲಾಖೋವ್ಕಾದ ಬೇಸಿಗೆ ಥಿಯೇಟರಿನಲ್ಲಿ ಸಣ್ಣ ಕೆಲಸ ಕೊಡಿಸಿದ್ರು. ಕ್ರಾಂತಿ ಆದಾಗ ಅಪ್ಪ ಅಮ್ಮ ಎಲ್ಲ ದೇಶ ಬಿಟ್ಟು ಹಡಗು ಹತ್ತಿದ್ರು. ಈಕೆ ಒಬ್ರೇ ಉಳಿದುಕೊಂಡ್ರು, ನಾಟಕಕ್ಕೋಸ್ಕರ.

ಹೆಸರಿನ ಕಥೆ ಅವರೇ ಹೇಳಿಕೊಂಡದ್ದಂತೆ. ಮನೆಯಿಂದ ಬಂದ ದುಡ್ಡು ತಗೊಂಡು ಹೊರಗೆ ಬರುವಾಗ ಗಾಳಿ ಬೀಸಿ ನೋಟು ಹಾರಿ ಹೋಯ್ತು, ಹಿಡೀಲಿಕ್ಕೆ ಓಡುದು ಬಿಟ್ಟು ಎಷ್ಟು ಚಂದ ಹಾರ್ತವೆ ಅಂತ ನೋಡ್ತಾ ನಿಂತ್ರು, ಜೊತೆಗಿದ್ದವರು ನೀನು ರಾನೆವ್ಸ್ಕಾಯಾಳೇ ಅಂದ್ರು. ಚೆಕಾಫನ ಚೆರಿ ತೋಟದ ನಾಟಕದಲ್ಲಿ ಕೈಯಲ್ಲಿ ದುಡ್ಡು ನಿಲ್ಲದ ಯಜಮಾನಿಯ ಹೆಸರು ಅದು. ಅದೇ ಹೆಸರು ಇಟ್ಟುಕೊಂಡ್ರು, ಜೀವನ ಇಡೀ ಕೈಯಲ್ಲಿ ದುಡ್ಡು ನಿಲ್ಲಲೂ ಇಲ್ಲ.

ಆಮೇಲೆ ಗುರು ಸಿಕ್ಕಿದ್ದು. ಪಾವ್ಲಾ ವುಲ್ಫ್ ಅಂತ, ಆಗಲೇ ಹೆಸರಾಗಿದ್ದ ನಟಿ. ನನಗೆ ಕಲಿಸಿ ಅಂತ ಈಕೆಯೇ ಹೋಗಿ ಕೇಳಿಕೊಂಡ್ರು, ಒಂದು ಪಾತ್ರ ತಯಾರಿ ಮಾಡಿಕೊಂಡು ಬಾ ಅಂತ ಅವರು ಕಳಿಸಿದ್ರು, ಹಾಗೆ ಶುರುವಾದ ಸಂಬಂಧ 1961ರಲ್ಲಿ ಗುರು ತೀರಿಕೊಳ್ಳುವವರೆಗೆ ಇತ್ತು, ಆ ಮನೆಯ ಮೊಮ್ಮಗನನ್ನೂ ಸ್ವಂತ ಮೊಮ್ಮಗನ ಹಾಗೆ ನೋಡಿಕೊಂಡ್ರು. ಅಂತರ್ಯುದ್ಧದ ಸಮಯದಲ್ಲಿ ಎಲ್ಲರೂ ಕ್ರೈಮಿಯಾದಲ್ಲಿ, ಊಟಕ್ಕೆ ಗತಿ ಇಲ್ಲ, ಟೈಫಸ್ ಬೇರೆ. ವೊಲೋಶಿನ್ ಅನ್ನುವ ಕವಿ ಚೀಲದಲ್ಲಿ ಬ್ರೆಡ್ಡು, ಸಣ್ಣ ಮೀನು, ಅದನ್ನು ಹುರೀಲಿಕ್ಕೆ ಔಡಲೆಣ್ಣೆ ತಂದು ಕೊಟ್ಟು ಬದುಕಿಸಿದ್ರಂತೆ. ಮೇಷ್ಟ್ರು ಇದನ್ನು ಹೇಳುವಾಗ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ರು "ಔಡಲೆಣ್ಣೆಯಲ್ಲಿ ಮೀನಾ ದೇವ್ರೇ" ಅಂತ ಜೋರಾಗಿಯೇ ಹೇಳಿದ್ರು. ಹಸಿವು ಅಂದ್ರೆ ಎಂತದು ಅಂತ ಹಾಲ್‌ನಲ್ಲಿ ಇದ್ದವರಿಗೆಲ್ಲ ಆಗ ಗೊತ್ತಾಯ್ತು.

ಈಗ ಸಿನಿಮಾಗಳಿಗೆ ಬರ್ತೇನೆ. ಶುರು ಮಾಡಿದ್ದು ಮನೆ ಬಿಟ್ಟು ಬೀದಿಗೆ ಬಂದ ಪುಟ್ಟ ಹುಡುಗಿಯ ಕಥೆ ಇರುವ 1939ರ ಪದ್ಕೀದಿಶ್‌ನಿಂದ. ಒಂದು ಮಗು ಮಾಸ್ಕೋ ತುಂಬ ತಿರುಗುದು, ಸಿಕ್ಕಿದವರೆಲ್ಲ ಅದನ್ನು ಇಟ್ಟುಕೊಳ್ಳಲಿಕ್ಕೆ ನೋಡುದು, ಅಷ್ಟೇ ಕಥೆ. ರಾನೆವ್ಸ್ಕಾಯಾದು ಲ್ಯಾಲ್ಯಾ ಅಂತ ಒಬ್ಬಳು ಗಂಡನನ್ನು ಹದ್ದುಬಸ್ತಿನಲ್ಲಿಟ್ಟ ಹೆಂಗಸು. ಮಗುವಿನ ಹತ್ರ ಬಗ್ಗಿ ಕೇಳ್ತಾಳೆ, ಹೇಳು ಪುಟ್ಟೀ ನಿಂಗೆ ಎಂತ ಬೇಕು, ತಲೆ ಕಿತ್ತು ಹಾಕ್ಬೇಕಾ, ಇಲ್ಲ ತೋಟದ ಮನೆಗೆ ಹೋಗ್ಬೇಕಾ ಅಂತ. ಅದೂ ಸಿಹಿ ಸಿಹಿಯಾಗಿ ಕೇಳುದು! ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಗಂಡನಿಗೆ ಮಾತು ಮಾತಿಗೆ ಹೇಳುದು "ಮೂಲ್ಯಾ, ನನ್ನ ನರ ಕೆಡಿಸ್ಬೇಡ" ಅಂತ. ಈ ಒಂದು ಮಾತು ಅವರ ಬೆನ್ನು ಬಿಡಲೇ ಇಲ್ಲ, ಬೀದಿಯಲ್ಲಿ ಹೋದ್ರೆ ಹುಡುಗರು ಅದನ್ನೇ ಕೂಗಿಕೊಂಡು ಹಿಂದೆ ಬರ್ತಿದ್ರಂತೆ, ಅವರಿಗೆ ಅದು ಕೇಳಿದ್ರೇ ಆಗ್ತಿರ್ಲಿಲ್ಲ. 1976ರಲ್ಲಿ 80 ತುಂಬಿದಾಗ ಲೆನಿನ್ ಪದಕ ಕೊಡುವ ಸಮಯ ಆಗಿನ ಸೋವಿಯತ್ ನಾಯಕ ಬ್ರೆಝ್ನೆವ್ ಕೂಡ ಅದನ್ನೇ ಹೇಳಿದ್ರು, ಹಾಗೆ ಕರೆಯುದು ಬೀದಿ ಹುಡುಗರು ಮಾತ್ರ ಅಂತ ಈಕೆ ಮುಖದ ಮೇಲೆಯೇ ಹೇಳಿದ್ರು ಅಂತ ಒಂದು ಕಥೆ ಉಂಟು. ಕಥೆ ಇರಬಹುದು, ಆದ್ರೆ ಸಿನಿಮಾ ನೋಡಿದ ಮೇಲೆ ಇವರು ಹೇಳಿಯೇ ಹೇಳ್ತಾರೆ ಅಂತ ಅನ್ನಿಸ್ತದೆ.

ಸಿಂಡರೆಲ್ಲಾ ಕಥೆಯ ಝೋಲುಶ್ಕಾ, 1947ರದ್ದು, ಅವತ್ತು ಹಾಲ್ ತುಂಬಿತ್ತು, ಮಕ್ಕಳು ನೆಲದ ಮೇಲೆ ಚಾಪೆಯಲ್ಲಿ. ಇದರಲ್ಲಿ ರಾನೆವ್ಸ್ಕಾಯಾ ಮಲತಾಯಿ. ಮಲತಾಯಿ ಅಂದ್ರೆ ನಮಗೆ ಕಣ್ಣು ಕೆಂಪು ಮಾಡಿ ಕಿರುಚುವ ಹೆಂಗಸು, ಇಲ್ಲಿ ಹಾಗಲ್ಲ. ಅರಮನೆಯ ಔತಣದಲ್ಲಿ ಮಗಳಿಗೆ ಪುಸ್ತಕ ಹಿಡಿಸಿ ಲೆಕ್ಕ ಬರೆಸ್ತಾಳೆ: ರಾಜಕುಮಾರ ನಿನ್ನ ಕಡೆ ಎಷ್ಟು ಸಲ ನೋಡಿದ, ಎಷ್ಟು ಸಲ ನಕ್ಕ, ಎಷ್ಟು ಸಲ ನಿಟ್ಟುಸಿರು ಬಿಟ್ಟ, ಒಟ್ಟು ಎಷ್ಟು. ರಾಜ ನನಗೆ ನಿಮ್ಮನ್ನು ಕಂಡು ಸಂತೋಷ ಅಂದದ್ದು ಒಂದು, ಹಹ್ಹಹ್ಹ ಅಂದದ್ದು ಒಂದು, ಮುಂದೆ ಹೋಗಿ ಮುಂದೆ ಹೋಗಿ ಇಲ್ಲಿ ಗಾಳಿ ಬೀಸ್ತದೆ ಅಂದದ್ದು ಒಂದು, ಒಟ್ಟು ಮೂರು. ದೂರ ಹೋಗಿ ಅಂದದ್ದನ್ನೂ ಮರ್ಯಾದೆಯ ಲೆಕ್ಕಕ್ಕೇ ಸೇರಿಸ್ತಾಳಲ್ಲ, ಅಲ್ಲಿ ಆ ಹೆಂಗಸಿನ ಇಡೀ ಜಾತಕ ಗೊತ್ತಾಗ್ತದೆ. ಇಂಥವರನ್ನು ಮದುವೆ ಹಾಲ್‌ನಲ್ಲಿ ನಾವೆಲ್ಲ ನೋಡಿದ್ದೇವೆ. ರಾನೆವ್ಸ್ಕಾಯಾ ಅದನ್ನು ಒಂದು ಚೂರೂ ನಗದೆ, ಬ್ಯಾಂಕಿನ ಕೆಲಸದಷ್ಟು ಗಂಭೀರವಾಗಿ ಮಾಡ್ತಾರೆ, ನಗು ಬರುದು ಅದಕ್ಕೇ.

ಮಿಖಾಯಿಲ್ ರೋಮ್ ತೆಗೆದ ಮೆಚ್ತಾ ಅಂದ್ರೆ ಕನಸು ಅನ್ನುವ ಸಿನಿಮಾ ಸರಣಿಯಲ್ಲಿ ಗಟ್ಟಿ ಸಿನಿಮಾ. ಬಾಡಿಗೆ ಕೋಣೆಗಳ ಒಂದು ಮನೆ, ಅದರ ಯಜಮಾನಿ ರೋಜಾ ಸ್ಕೋರೊಖೋದ್, ಜಿಪುಣಿ, ಎಲ್ಲರ ಮೇಲೆ ದಬ್ಬಾಳಿಕೆ, ಎಲ್ಲ ಮಾಡುದು ಒಬ್ಬ ಮಗನಿಗೋಸ್ಕರ, ಆ ಮಗ ಇಂಜಿನಿಯರ್, ಕೆಲಸ ಇಲ್ಲ. 1941ರಲ್ಲಿ ಸಿನಿಮಾ ಮುಗಿಯುದಕ್ಕೂ ಯುದ್ಧ ಶುರುವಾಗುದಕ್ಕೂ ಸರಿ ಆಯ್ತು, ಜನರ ಮುಂದೆ ಬಂದದ್ದು 1943ರಲ್ಲಿ. ಇದಕ್ಕೆ ಜನ ಕಡಿಮೆ ಇದ್ರು, ಮಕ್ಕಳು ಅರ್ಧಕ್ಕೇ ಎದ್ದು ಹೋದ್ರು, ಆದ್ರೆ ಸಾಲ ಮಾಡಿ ಮಗನನ್ನು ಓದಿಸಿದ ಅಪ್ಪ ಅಮ್ಮಂದಿರು ಯಾರಾದ್ರೂ ಇದನ್ನು ನೋಡಿದ್ರೆ ಅರ್ಧಕ್ಕೆ ಏಳ್ಲಿಕ್ಕೆ ಆಗುದಿಲ್ಲ. ಆಗ ರಾನೆವ್ಸ್ಕಾಯಾಗೆ 45ರ ಹತ್ರ, ಆದ್ರೆ ಪಾತ್ರದಲ್ಲಿ ಕಾಣುದು ಮುದುಕಿ. ಬರೇ ಮೇಕಪ್ಪಿನಿಂದ ಆದದ್ದಲ್ಲ ಅದು, ಕೂರುವ ಏಳುವ ಭಾರದಲ್ಲೇ ವಯಸ್ಸು ಉಂಟು.

1947ರ ವೆಸ್ನಾ ಬಗ್ಗೆ ಹೆಚ್ಚು ಹೇಳುದಿಲ್ಲ, ಲ್ಯೂಬೋವ್ ಓರ್ಲೋವಾ ಹೀರೋಯಿನ್, ಹಾಡು ಡ್ಯಾನ್ಸು, ಚಂದ ಉಂಟು. ಕನ್ನಡಿ ಮುಂದೆ ನಿಂತು ಸೌಂದರ್ಯ ಅಂದ್ರೆ ಭಯಂಕರ ಶಕ್ತಿ ಅಂತ ರಾನೆವ್ಸ್ಕಾಯಾ ಹೇಳುವ ಆ ಒಂದು ಮಾತಿಗೆ ನೋಡಿ. ಕಾರ್ಲ್ಸನ್ ಕಾರ್ಟೂನು, 1970ರದ್ದು, ಸಣ್ಣದು, ಅದರಲ್ಲಿ ಮಗುವನ್ನು ನೋಡಿಕೊಳ್ಳಲಿಕ್ಕೆ ಬರುವ ಜೋರು ಹೆಂಗಸು ಫ್ರೆಕೆನ್ ಬೋಕ್‌ಗೆ ಇವರದ್ದೇ ಸ್ವರ, ಗಡಸು ಸ್ವರ, ಮಕ್ಕಳಿಗೆ ಭಾಷೆ ಅರ್ಥ ಆಗದಿದ್ರೂ ಸ್ವರಕ್ಕೇ ನಕ್ಕರು.

ನನಗೆ ಈ ಸರಣಿಯಿಂದ ಮನಸ್ಸಿನಲ್ಲಿ ನಿಂತದ್ದು ಒಂದು ವಿಷಯ. ಇವರಿಗೆ ಸಿಕ್ಕಿದ್ದು ಹೆಚ್ಚಾಗಿ ಸಣ್ಣ ಪಾತ್ರಗಳೇ. ಆ ಸಣ್ಣ ಪಾತ್ರಕ್ಕೆ ಇವರು ಸ್ವಂತ ಮಾತು ಕಟ್ಟಿಕೊಳ್ತಿದ್ರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಯಕ್ಷಗಾನ ಪ್ರಸಂಗದಲ್ಲಿ ಇರುದು ನಾಲ್ಕು ಸಾಲಿನ ಪದ್ಯ, ಅದಕ್ಕೆ ಅರ್ಥ ಹೇಳುದು ಅರ್ಥಧಾರಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತ್ರೆ ಆ ನಾಲ್ಕು ಸಾಲಿನಿಂದ ವಾಲಿಯೂ ಮಾಗಧನೂ ಎದ್ದು ಬರ್ತಿದ್ದದ್ದು ಸ್ವಂತ ಮಾತಿನಿಂದ. ರಾನೆವ್ಸ್ಕಾಯಾ ಮಾಡಿದ್ದೂ ಅದನ್ನೇ ಅಂತ ನನಗೆ ಅನ್ನಿಸಿದ್ದು. ಮಾಸ್ಕೋದ ಮೊಸೊವೆತ್ ಥಿಯೇಟರಿನಲ್ಲಿ ಶ್ತೋರ್ಮ್ ಅಂದ್ರೆ ಬಿರುಗಾಳಿ ಅನ್ನುವ ನಾಟಕ, ಅದರಲ್ಲಿ ಮಾನ್ಕಾ ಅಂತ ಕಾಳಸಂತೆ ಹೆಂಗಸು, ಪೊಲೀಸ್ ವಿಚಾರಣೆಯ ಒಂದೇ ಒಂದು ದೃಶ್ಯ. ನಾಟಕ ಬರೆದವರ ಒಪ್ಪಿಗೆ ತಗೊಂಡು ತನ್ನ ಮಾತು ತಾನೇ ಬರಕೊಂಡ್ರು. ಜನ ಆ ದೃಶ್ಯ ನೋಡ್ಲಿಕ್ಕೆ ಅಂತಲೇ ಬರುದು, ಅದು ಮುಗಿದ ಕೂಡಲೆ ಎದ್ದು ಹೋಗುದು. ಕೊನೆಗೆ ನಿರ್ದೇಶಕ ಝವಾದ್ಸ್ಕಿ ಇಡೀ ದೃಶ್ಯವನ್ನೇ ತೆಗೆದು ಹಾಕಿದ್ರು. ಚಂದ ಮಾಡಿದ್ದಕ್ಕೆ ಪಾತ್ರ ಹೋಯ್ತು. ಇದನ್ನು ಕೇಳಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಚರ್ಚೆಯಲ್ಲಿ ಹಿರಿಯ ಅರ್ಥಧಾರಿಯೊಬ್ರು ಎದ್ದು, ಎದುರಿನವನ ಅರ್ಥ ಏರಿತು ಅಂತ ಪದ್ಯ ಹಾಡುವ ಭಾಗವತರು ಅವನ ಪದ್ಯವನ್ನೇ ಬಿಟ್ಟ ಹಾಗಾಯ್ತಲ್ಲ ಇದು ಅಂದ್ರು, ಹಾಲ್ ಇಡೀ ಚಪ್ಪಾಳೆ.

ಪರಿಚಯದ ಹಾಳೆ ಅಂತ ಒಂದು ಜೆರಾಕ್ಸ್ ಕೊಡ್ತಾರೆ, ಅದರಲ್ಲಿ ಮೂರು ಸ್ಟಾಲಿನ್ ಪ್ರಶಸ್ತಿ, 1961ರ ಜನತಾ ಕಲಾವಿದೆ ಬಿರುದು ಎಲ್ಲ ಸರಿಯಾಗಿ ಉಂಟು. ಆದ್ರೆ ಇವರ ಕೈ ತಪ್ಪಿ ಹೋದದ್ದರ ಬಗ್ಗೆ ಅದರಲ್ಲಿ ಎಂತದೂ ಇಲ್ಲ. ದೊಡ್ಡ ನಿರ್ದೇಶಕ ಐಸೆನ್‌ಸ್ಟೈನ್ ತನ್ನ ಇವಾನ್ ದ ಟೆರಿಬಲ್ ಸಿನಿಮಾದಲ್ಲಿ ಎಫ್ರೋಸಿನ್ಯಾ ಪಾತ್ರಕ್ಕೆ ಇವರೇ ಬೇಕು ಅಂತ ಇದ್ರು. 1942ರಲ್ಲಿ ಸಿನಿಮಾ ಇಲಾಖೆಯ ಮುಖ್ಯಸ್ಥ ಬಲ್ಷಕೋವ್ ಆಗುದಿಲ್ಲ ಅಂದ, ಕಾರಣ ಕಾಗದದಲ್ಲೇ ಬರೆದಿದ್ದಾನೆ, ಮುಖದಲ್ಲಿ ಯಹೂದಿ ಲಕ್ಷಣ ಕಾಣ್ತದೆ ಅಂತ. ಪಾತ್ರ ಸೆರಾಫಿಮಾ ಬಿರ್ಮಾನ್ ಪಾಲಾಯ್ತು. ಮೇಷ್ಟ್ರು ಇದನ್ನು ಮಾತಿನಲ್ಲಿ ಹೇಳಿದ್ರು, ಆದ್ರೆ ಮನೆಗೆ ತಗೊಂಡು ಹೋಗುವ ಹಾಳೆಯಲ್ಲಿ ಇಲ್ಲದ್ದು ನನಗೆ ಸರಿ ಕಾಣ್ಲಿಲ್ಲ. ಪ್ರಶಸ್ತಿ ಕೊಟ್ಟ ಸರ್ಕಾರವೇ ಇದನ್ನೂ ಮಾಡಿದ್ದು, ಎರಡೂ ಒಟ್ಟಿಗೆ ಇರ್ಬೇಕು.

ಕೊನೆಗೆ ತೋರಿಸಿದ್ದು ನಾಟಕ. ದಾಲ್ಶೆ ತಿಶಿನಾ, ಮುಂದೆ ಮೌನ ಅಂತ. ಎಫ್ರೋಸ್ ನಿರ್ದೇಶನ, ಮೊದಲ ಪ್ರದರ್ಶನ 1969, ಇವರು ತೋರಿಸಿದ್ದು 1978ರ ಟಿವಿ ರೆಕಾರ್ಡಿಂಗ್. ಕಥೆ ಅಮೆರಿಕದ್ದು. ಮುದಿ ಗಂಡ ಹೆಂಡತಿ, ಮನೆ ಬ್ಯಾಂಕಿನ ಪಾಲಾಗ್ತದೆ, ಮಕ್ಕಳಲ್ಲಿ ಯಾರೂ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲಿಕ್ಕೆ ತಯಾರಿಲ್ಲ, ಅಪ್ಪ ಒಂದು ಕಡೆ ಅಮ್ಮ ಒಂದು ಕಡೆ. ಈ ಕಥೆ ನಮ್ಮ ಕಪ್ಪು ಬಿಳುಪು ಸಿನಿಮಾದ ಕಾಲದಿಂದ ನಮಗೂ ಗೊತ್ತುಂಟು, ಈಗಂತೂ ಮಕ್ಕಳು ಬೆಂಗಳೂರು, ದುಬೈ, ಕೆನಡಾ ಅಂತ ಹೋದ ಮನೆಗಳು ನಮ್ಮಲ್ಲಿ ಸಾಲು ಸಾಲು. ಅಡಕೆ ತೋಟ, ದೊಡ್ಡ ಮನೆ, ಒಳಗೆ ಇಬ್ಬರು ಮುದುಕರು. ಹಾಗಾಗಿ ಅವತ್ತು ಹಾಲ್‌ನಲ್ಲಿ ಯಾರೂ ಮಾಸ್ಕೋದ ನಾಟಕ ನೋಡ್ತಾ ಇರ್ಲಿಲ್ಲ.

ಅದರಲ್ಲಿ ಒಂದು ದೃಶ್ಯ. ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸ್ಬೇಕು ಅಂತ ಮಗ ಸೊಸೆ ನಿಶ್ಚಯ ಮಾಡಿ ಆಗಿದೆ, ಮಗ ಅದನ್ನು ಹೇಳ್ಲಿಕ್ಕೆ ಬರ್ತಾನೆ, ಬಾಯಿ ಬರುದಿಲ್ಲ. ಅಮ್ಮನಿಗೆ ಗೊತ್ತಾಗಿ ಬಿಟ್ಟಿದೆ. ಅವನು ಹೇಳುವ ಮೊದಲೇ ಇವಳೇ ಹೇಳ್ತಾಳೆ, ನನಗೆ ಅಲ್ಲಿಗೆ ಹೋಗ್ಬೇಕು ಅಂತ ಉಂಟು ಮಗ, ನಿನಗೆ ಬೇಜಾರಾಗುದಿಲ್ಲ ಅಲ್ವಾ ಅಂತ. ಮಗನಿಗೆ ಆ ಮಾತು ಹೇಳುವ ಪಾಪ ಬರಬಾರ್ದು ಅಂತ ತನ್ನ ಮೇಲೆ ಹಾಕಿಕೊಳ್ಳುದು, ಅಪ್ಪನಿಗೆ ಮಾತ್ರ ಹೇಳ್ಬೇಡ ಅಂತ ಕೇಳಿಕೊಳ್ಳುದು. ರಾನೆವ್ಸ್ಕಾಯಾ ಇಲ್ಲಿ ಅಳುದಿಲ್ಲ. ಸ್ವರ ಏರಿಸುದಿಲ್ಲ. ಮಗನನ್ನು ಸಮಾಧಾನ ಮಾಡ್ತಾರೆ, ಅಷ್ಟೇ. ಇದೇ ಹೆಂಗಸು ಔತಣದಲ್ಲಿ ರಾಜನ ನಗುವಿನ ಲೆಕ್ಕ ಬರೆಸಿದ್ದು ಅಂದ್ರೆ ನಂಬ್ಲಿಕ್ಕೆ ಆಗುದಿಲ್ಲ. ಆಗ ಅವರಿಗೆ 80ರ ಮೇಲೆ, ಜೀವನದಲ್ಲಿ ಮದುವೆ ಆಗ್ಲಿಲ್ಲ, ಮಕ್ಕಳಿಲ್ಲ, ವಿದೇಶದಿಂದ 1960ರಲ್ಲಿ ವಾಪಸ್ ಬಂದ ಅಕ್ಕ ಸ್ವಲ್ಪ ವರ್ಷ ಒಟ್ಟಿಗಿದ್ದು ತೀರಿಕೊಂಡಿದ್ರು, ಮನೆಯಲ್ಲಿ ಬೀದಿಯಿಂದ ತಂದು ಸಾಕಿದ ಮಾಲ್ಚಿಕ್ ಅನ್ನುವ ಒಂದು ನಾಯಿ. ಗಂಡನಾಗಿ ಮಾಡಿದ ಪ್ಲ್ಯಾತ್ ಕೂಡ ಬಹಳ ದೊಡ್ಡ ನಟ, ವೆಸ್ನಾದಲ್ಲೂ ಇವರ ಜೊತೆ ಇದ್ದವರು, ಕೊನೆಯ ರೈಲ್ವೆ ಸ್ಟೇಷನ್ನಿನ ಬೀಳ್ಕೊಡುಗೆ ಇಬ್ಬರೂ ಸೇರಿ ಮಾಡಿದ್ದನ್ನು ನಾನು ಇಲ್ಲಿ ಬರೆದು ಹಾಳು ಮಾಡುದಿಲ್ಲ. ಹೋಗಿಯೇ ನೋಡಿ. 1984ರ ಜುಲೈಯಲ್ಲಿ ರಾನೆವ್ಸ್ಕಾಯಾ ತೀರಿಕೊಂಡ್ರು, ಅದಕ್ಕೆ ಹತ್ತಿರ ಹತ್ತಿರದವರೆಗೆ ರಂಗದ ಮೇಲೆ ಇದ್ದವರು.

ಇನ್ನು ವ್ಯವಸ್ಥೆ. ಪ್ಲಾಸ್ಟಿಕ್ ಕುರ್ಚಿ, ಪರವಾಗಿಲ್ಲ, ಆದ್ರೆ ನಾಟಕದಂಥ ಉದ್ದದ್ದಕ್ಕೆ ಬೆನ್ನು ನೋವು ಇರುವವರು ಒಂದು ದಿಂಬು ತಗೊಂಡು ಹೋಗಿ. ಮಾಡು ತಗಡಿನದ್ದು, ಮಳೆ ಜೋರಾದ್ರೆ ಒಂದು ಮಾತೂ ಕೇಳುದಿಲ್ಲ, ಮೆಚ್ತಾ ದಿವಸ ಅರ್ಧ ಗಂಟೆ ಹಾಗೇ ಆಯ್ತು, ಅವರು ಮಳೆ ಬಿಡುವವರೆಗೆ ಸಿನಿಮಾ ನಿಲ್ಲಿಸಿ ಚಾ ಕೊಟ್ರು, ಅದು ಒಳ್ಳೆ ಬುದ್ಧಿ. ಕಟ್ಟಂಚಾಯ ಅಂದ್ರೆ ಹಾಲು ಹಾಕದ ಚಾ, ಮತ್ತು ಗೋಳಿಬಜೆ ಪ್ರತಿ ವಾರ ಉಂಟು, ಬಿಸಿ ಬಿಸಿ, ಅದಕ್ಕೂ ಪ್ರತ್ಯೇಕ ದುಡ್ಡು ಕೇಳುದಿಲ್ಲ. ಇನ್‌ವರ್ಟರ್ ಉಂಟು ಆದ್ರೆ ಕರೆಂಟ್ ಹೋದ್ರೆ ಪ್ರೊಜೆಕ್ಟರ್ ಮಾತ್ರ, ಫ್ಯಾನ್ ಇಲ್ಲ. ಹೆಂಗಸರಿಗೆ ಟಾಯ್ಲೆಟ್ ಕೆಳಗೆ, ಮೆಟ್ಟಲಿನಲ್ಲಿ ಲೈಟ್ ಇಲ್ಲ, ಇದನ್ನು ದಯವಿಟ್ಟು ಸರಿ ಮಾಡಿ, ವಯಸ್ಸಾದವರು ಬರ್ತಾರೆ. ಕೊನೆಯ ಬಸ್ಸಿನ ಟೈಮಿಗೆ ಮುಗಿಸ್ತಾರೆ, ನಾಟಕದ ದಿವಸ ತಡ ಆದಾಗ ಜೀಪು ಇರುವವರು ದೂರದವರನ್ನು ಬಿಟ್ಟು ಬಂದ್ರು.

ನನ್ನ ದೊಡ್ಡ ದೂರು ಸಬ್‌ಟೈಟಲ್. ಎಲ್ಲ ಇಂಗ್ಲಿಷ್. ಬಿಳಿ ಅಕ್ಷರ, ಝೋಲುಶ್ಕಾದಲ್ಲಿ ಬಿಳಿ ಬಟ್ಟೆ ಬಿಳಿ ಗೋಡೆ, ಓದುದು ಹೇಗೆ. ಮೇಷ್ಟ್ರು ಮೈಕ್ ಹಿಡಿದು ಮುಖ್ಯ ಮಾತುಗಳನ್ನು ಹೇಳ್ತಾ ಹೋಗ್ತಾರೆ, ಆದ್ರೆ ಮಲಯಾಳದಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ದೃಶ್ಯ ದಾಟಿ ಹೋಗಿರ್ತದೆ. ನಾವು ಇಲ್ಲಿಯ ಕನ್ನಡದವರು ಆಫೀಸಿನ ಅರ್ಜಿಯಿಂದ ಹಿಡಿದು ಪರೀಕ್ಷೆಯ ಪ್ರಶ್ನೆಪತ್ರಿಕೆವರೆಗೆ ಎಲ್ಲದರಲ್ಲೂ ಎರಡನೆಯ ಸರದಿಗೆ ಕಾದು ಕಾದು ಸಾಕಾಗಿದೆ, ಸಿನಿಮಾದಲ್ಲಾದ್ರೂ ಅದು ಬೇಡ. ಅವರ ತಪ್ಪಲ್ಲ ಇದು, ಇರುವುದು ನಾಲ್ಕು ಜನ, ಎಲ್ಲರೂ ಕೆಲಸಕ್ಕೆ ಹೋಗಿ ಬಂದು ಮಾಡುವವರು. ನಾವು ಕೈ ಜೋಡಿಸ್ಬೇಕು. ಕೇಳಿದ್ದಕ್ಕೆ, ಯಾರಾದ್ರೂ ಕನ್ನಡದಲ್ಲಿ ಬರೆದು ಕೊಟ್ರೆ ಫೈಲಿಗೆ ಹಾಕುವ ಕೆಲಸ ನಾವು ಮಾಡ್ತೇವೆ ಅಂದಿದ್ದಾರೆ.

ಮುಂದಿನ ಸರಣಿಗೆ ಯಾರು ಬೇಕು ಅಂತ ಪುಸ್ತಕದಲ್ಲಿ ಬರೀಲಿಕ್ಕೆ ಹೇಳಿದ್ರು. ನಾನು ತತ್ಯಾನಾ ಸಮೋಯಿಲೋವಾ ಅನ್ನುವ ನಟಿಯ ಹೆಸರು ಬರೆದು ಬಂದಿದ್ದೇನೆ, ಅವರದ್ದು ಕೊಕ್ಕರೆಗಳು ಹಾರುವ ಆ 1957ರ ಸಿನಿಮಾ, ಮರು ವರ್ಷ ಕಾನ್ ಉತ್ಸವದಲ್ಲಿ ಮೊದಲ ಬಹುಮಾನ ತಗೊಂಡದ್ದು, ಅದು ದೊಡ್ಡ ಪರದೆಯಲ್ಲಿ ನೋಡ್ಬೇಕು ನನಗೆ. ಅದಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ಲಿಕ್ಕೆ ನಾನು ರೆಡಿ, ಇಂಗ್ಲಿಷ್ ಚೆನ್ನಾಗಿ ಬರುವವರು ಇನ್ನೂ ಒಂದಿಬ್ಬರು ಬೇಕು, ರಷ್ಯನ್ ಬರುವವರು ಯಾರಾದ್ರೂ ಮಂಗಳೂರು ಕಡೆ ಇದ್ರೆ ಇನ್ನೂ ಒಳ್ಳೇದು. ಭಾನುವಾರ ಸಂಜೆ ನಾಲ್ಕಕ್ಕೆ ಶುರು, ಮೂರೂವರೆಗೆ ಹೋದ್ರೆ ಫ್ಯಾನಿನ ಕೆಳಗೆ ಕುರ್ಚಿ ಸಿಗ್ತದೆ.